ಎಂಡೋಸಲ್ಫಾನ್ ಅಧ್ಯಯನ: ಅಳೆದದ್ದೇನು, ಅಳೆಯದೆ ಉಳಿದದ್ದೇನು?

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಶಾಲೆಗಳಲ್ಲಿ ಪಾಠ ಮಾಡುವ ನಿಮಗೆ ಕಂದು ಕಲೆಯ ಹಲ್ಲುಗಳು ಹೊಸತಲ್ಲ. ಅಪ್ಪನಿಗೂ ಅದೇ ಕಲೆ, ಮಗನಿಗೂ ಅದೇ. ‘ನಮ್ಮ ವಂಶದಲ್ಲೇ ಹೀಗೆ’ ಎನ್ನುವವರಿದ್ದಾರೆ. ಇದು ವಂಶವಾಹಿಯ ದೋಷವಲ್ಲ, ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್‌ನ ಕೆಲಸ. ಬಾಲ್ಯದಲ್ಲಿ ಹಲ್ಲಿನ ಎನಾಮಲ್ ರೂಪುಗೊಳ್ಳುವಾಗ ಆ ನೀರು ಕುಡಿದವರಿಗೆ ಕಲೆ ಬೀಳುತ್ತದೆ. ಒಳ್ಳೆಯ ನೀರಿನ ಊರಲ್ಲಿ ಬೆಳೆದು ಸೊಸೆಯಾಗಿ ಬಂದವಳಿಗೆ ಬೀಳುವುದಿಲ್ಲ. ಒಂದು ಮನೆಯವರು ಹಂಚಿಕೊಳ್ಳುವುದು ವಂಶವಾಹಿಗಳನ್ನು ಮಾತ್ರವಲ್ಲ, ಬಾವಿಯನ್ನೂ ಸಹ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಸರಗೋಡಿನ ಎಂಡೋಸಲ್ಫಾನ್ ಕುರಿತ ಒಂದು ಪ್ರಬಂಧವನ್ನು ಪರಿಶೀಲಿಸೋಣ. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿ ಹೆಚ್ಚುತ್ತಿದ್ದ ಅಸಹಜ ಕಾಯಿಲೆಗಳತ್ತ ಮೊದಲು ಗಮನ ಸೆಳೆದವರಲ್ಲಿ ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಒಬ್ಬರು. ಅನಂತರ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಹಬೀಬುಲ್ಲಾ ಸೈಯದ್ ಮತ್ತು ಸಂಗಡಿಗರು ಅಧ್ಯಯನ ನಡೆಸಿ, 2003ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಆಕಾಶದಿಂದ ಕೀಟನಾಶಕ ಸಿಂಪಡಿಸಿದ್ದ ಕಡೆಯ 117 ಹುಡುಗರು ಒಂದು ಗುಂಪು. ಸಿಂಪಡಣೆಗೆ ಒಳಗಾಗದ 90 ಹುಡುಗರು ಹೋಲಿಕೆಯ ಗುಂಪು. ಎಲ್ಲರೂ 10ರಿಂದ 19 ವರ್ಷದವರು.

ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ಪ್ರಮಾಣ, ನೂರು ಕೋಟಿ ಭಾಗಗಳಲ್ಲಿ, ಮೊದಲ ಗುಂಪಿಗೆ 7.47, ಎರಡನೆಯದಕ್ಕೆ 1.37. ಹೋಲಿಕೆಯ ಗುಂಪಿನದೂ ಸೊನ್ನೆಯಲ್ಲ ಎಂಬುದನ್ನು ಗಮನಿಸಿ. ಸಿಂಪಡಣೆಗೆ ಒಳಗಾದವರಲ್ಲಿ ಪ್ರೌಢಾವಸ್ಥೆಯ ಬೆಳವಣಿಗೆ ವಯಸ್ಸಿಗೆ ತಕ್ಕಷ್ಟು ಆಗಿರಲಿಲ್ಲ. ಟೆಸ್ಟೋಸ್ಟೆರೋನ್ ಕಡಿಮೆ, ಅದನ್ನು ಉತ್ಪಾದಿಸಲು ಆದೇಶ ಕೊಡುವ ಪಿಟ್ಯುಟರಿಯ ಎಲ್.ಎಚ್. ಹಾರ್ಮೋನು ಹೆಚ್ಚು. ನನಗೆ ಇಡೀ ಪ್ರಬಂಧದಲ್ಲಿ ಅತ್ಯಂತ ಗಟ್ಟಿ ಎನಿಸಿದ್ದು ಇದೇ. ಕೆಲಸ ನಡೆಯದಿದ್ದಾಗ ಆದೇಶ ಜೋರಾಗಬೇಕು. ಎರಡೂ ಅಳತೆಗಳು ಒಂದೇ ಕಥೆ ಹೇಳುತ್ತಿವೆ.

ಇನ್ನು ವಿವಾದದ ಅಂಶ. ವೃಷಣಗಳು ಕೆಳಗಿಳಿಯುವುದಕ್ಕೆ ಸಂಬಂಧಿಸಿದ ಜನ್ಮಜಾತ ದೋಷಗಳು ಮೊದಲ ಗುಂಪಿನಲ್ಲಿ ಶೇ. 5.1, ಎರಡನೆಯದರಲ್ಲಿ ಶೇ. 1.1. ಸಂಖ್ಯಾಶಾಸ್ತ್ರದ ಪ್ರಕಾರ ಈ ವ್ಯತ್ಯಾಸ ಗಣನೀಯವಲ್ಲ ಎಂದು ಲೇಖಕರೇ ಹೇಳಿದ್ದಾರೆ. ಶೇಕಡಾವಾರನ್ನು ತಲೆಎಣಿಕೆಗೆ ತಿರುಗಿಸಿದರೆ 6 ಮತ್ತು 1. ತರಗತಿಯಲ್ಲೇ ಪರೀಕ್ಷಿಸಬಹುದು: 207 ಶೇಂಗಾ ಬೀಜಗಳಲ್ಲಿ 7ಕ್ಕೆ ಶಾಯಿ ಹಚ್ಚಿ, ಚೀಲದಲ್ಲಿ ಕಲಸಿ, ನೋಡದೆ 117 ತೆಗೆಯಿರಿ. ಶಾಯಿಯ ಬೀಜ ಆರು ಅಥವಾ ಏಳು ಬರುವುದು ನೂರು ಸಲದಲ್ಲಿ ಸುಮಾರು 11 ಸಲ. ಆಕಸ್ಮಿಕ ಎಂದು ತಳ್ಳಿಹಾಕಲೂ ಆಗದು, ರುಜುವಾತು ಎನ್ನಲೂ ಆಗದು. ‘ಗಣನೀಯವಲ್ಲ’ ಎಂಬುದನ್ನು ‘ಪರಿಣಾಮವಿಲ್ಲ’ ಎಂದು ಓದುವುದು ತಪ್ಪು. ಮಾದರಿ ಚಿಕ್ಕದು, ಎಲ್ಲರೂ ಪರೀಕ್ಷೆಗೆ ಒಪ್ಪಲಿಲ್ಲ. ಈ ಮಿತಿಗಳನ್ನು ಲೇಖಕರು ಮುಚ್ಚಿಟ್ಟಿಲ್ಲ.

ನನ್ನ ಆಕ್ಷೇಪ ಪ್ರಬಂಧಕ್ಕಿಂತ ಅದನ್ನು ಬಳಸಿಕೊಂಡವರ ಮೇಲೆ. ‘ವಂಶವಾಹಿಗಳೇ ಕೆಟ್ಟಿವೆ’ ಎಂಬ ಮಾತಿಗೆ ಇದನ್ನು ಆಧಾರವಾಗಿ ತೋರಿಸಲಾಗದು. ಇಲ್ಲಿ ಅಳೆದದ್ದು ಹಾರ್ಮೋನುಗಳನ್ನು; ವರ್ಣತಂತುಗಳನ್ನಲ್ಲ, ಡಿ.ಎನ್.ಎ.ಯನ್ನಲ್ಲ. ಜನ್ಮಜಾತವಾದದ್ದೆಲ್ಲ ಆನುವಂಶಿಕವಲ್ಲ, ಗರ್ಭದಲ್ಲಿದ್ದಾಗ ತಗುಲಿದ ವಿಷ ವಂಶವಾಹಿಯನ್ನು ಮುಟ್ಟದೆಯೂ ಅಂಗವನ್ನು ಕೆಡಿಸಬಲ್ಲದು. ಪ್ರಯೋಗಾಲಯದ ಜೀವಕೋಶಗಳಲ್ಲಿ ಎಂಡೋಸಲ್ಫಾನ್ ಡಿ.ಎನ್.ಎ.ಗೆ ಹಾನಿ ಮಾಡಿದ್ದು ಕಂಡುಬಂದಿದೆ, ನಿಜ. ಆದರೆ ಆ ಹಾನಿ ಮುಂದಿನ ಪೀಳಿಗೆಗೆ ದಾಟುತ್ತದೆ ಎನ್ನಲು ಪೀಳಿಗೆಗಳನ್ನೇ ನೋಡಬೇಕು. 1927ರಲ್ಲಿ ಎಕ್ಸ್-ಕಿರಣಗಳಿಂದ ಉತ್ಪರಿವರ್ತನೆ ಆಗುವುದನ್ನು ತೋರಿಸಿದ ಹರ್ಮನ್ ಮುಲ್ಲರ್‌ಗೆ ಹಣ್ಣುನೊಣಗಳಿದ್ದವು. ವಾರಗಳಲ್ಲಿ ಮರಿಗಳನ್ನು ಎಣಿಸಬಹುದಿತ್ತು.

2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಯಾರಿಕೆ, ಮಾರಾಟ ಮತ್ತು ಬಳಕೆಗೆ ತಡೆ ನೀಡಿತು. ಅದಕ್ಕೆ ವಂಶವಾಹಿಯ ಸಾಕ್ಷ್ಯಕ್ಕಾಗಿ ಕಾಯಬೇಕಾಗಲಿಲ್ಲ, ಕಾಯಬೇಕಾಗಿಯೂ ಇರಲಿಲ್ಲ. ಆದರೆ ವಂಶವಾಹಿಯ ಪ್ರಶ್ನೆ ಹಾಗೆಯೇ ಉಳಿದಿದೆ. ಅಂದು ರಕ್ತ ಕೊಟ್ಟ ಹುಡುಗರು ಈಗ ಮೂವತ್ತು ದಾಟಿದ್ದಾರೆ. ಆ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಅವರ ಮಕ್ಕಳಲ್ಲಿ.