ವಿದ್ಯುನ್ಮಾನ ನಿಯತಕಾಲಿಕೆಗಳು: ಪ್ರವೇಶ ಮತ್ತು ಸಂರಕ್ಷಣೆ (ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ನೆಲೆಯಿಂದ)

ಗ್ರಂಥಾಲಯವೆಂದರೆ ಸಂಗ್ರಹ ಎಂಬ ಪಾರಂಪರಿಕ ಕಲ್ಪನೆಯನ್ನು ವಿದ್ಯುನ್ಮಾನ ನಿಯತಕಾಲಿಕೆಗಳು ಬುಡದಲ್ಲಿಯೇ ಬದಲಿಸಿವೆ. ಮುದ್ರಿತ ಸಂಚಿಕೆಗೆ ಚಂದಾ ಕೊಟ್ಟರೆ ಅದು ಗ್ರಂಥಾಲಯದ ಸ್ವತ್ತಾಗುತ್ತಿತ್ತು. ಮರುವರ್ಷ ಚಂದಾ ನಿಂತರೂ ಬೈಂಡು ಮಾಡಿಸಿದ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ವಿದ್ಯುನ್ಮಾನ ಚಂದಾದಿಂದ ದೊರೆಯುವುದು ಓದುವ ಪರವಾನಗಿ ಮಾತ್ರ; ಲೇಖನವಿರುವುದು ಪ್ರಕಾಶಕರ ಸರ್ವರ್‌ನಲ್ಲಿ. ಶಾಶ್ವತ ಪ್ರವೇಶದ ಹಕ್ಕು ಒಪ್ಪಂದದಲ್ಲಿ ಇಲ್ಲದಿದ್ದರೆ, ಅವಧಿ ಮುಗಿದ ದಿನ ಹಣ ತೆತ್ತು ಓದಿದ ವರ್ಷಗಳ ಸಂಚಿಕೆಗಳೂ ಕೈತಪ್ಪುತ್ತವೆ.

ಪ್ರವೇಶದ ಮಟ್ಟಿಗೆ ಸಾಧನೆ ಅಲ್ಪವಲ್ಲ. 2004ರ ಯುಜಿಸಿ-ಇನ್ಫೋನೆಟ್ ಒಕ್ಕೂಟ ವಿಶ್ವವಿದ್ಯಾಲಯಗಳ ಆವರಣಕ್ಕೆ ಸೀಮಿತವಾಗಿತ್ತು. ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳು ತಮ್ಮದೇ ಗುಪ್ತಪದದಿಂದ ಓದುವಂತಾದದ್ದು 2010ರ ಎನ್-ಲಿಸ್ಟ್ ಯೋಜನೆಯಿಂದ. 2025ರ ಜನವರಿ 1ರಂದು ಆರಂಭವಾದ 'ಒಂದು ದೇಶ ಒಂದು ಚಂದಾ' ಯೋಜನೆ ಮೂವತ್ತು ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ಒದಗಿಸಿತು. ತಾತ್ತ್ವಿಕವಾಗಿ, ಜೋಯಿಡಾದ ಸರ್ಕಾರಿ ಕಾಲೇಜಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಬಾಗಿಲು ಒಂದೇ. ಆದರೆ ಹಳಿಯಾಳದ ತಾಂತ್ರಿಕ ಮಹಾವಿದ್ಯಾಲಯದಂತಹ ಖಾಸಗಿ ಸಂಸ್ಥೆಗಳನ್ನು ಮೊದಲ ಹಂತ ಒಳಗೊಳ್ಳಲಿಲ್ಲ. ಯಾವ ಸಂಸ್ಥೆಗೂ ಸೇರದ ಸಂಶೋಧಕನಂತೂ ಲೆಕ್ಕದಲ್ಲಿಯೇ ಇಲ್ಲ.

ಇದಕ್ಕಿಂತ ಗಂಭೀರವಾದುದು ಸಂರಕ್ಷಣೆಯ ಪ್ರಶ್ನೆ. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ ಮೀಸಲಿಟ್ಟ ಹಣ ಸುಮಾರು 6,000 ಕೋಟಿ ರೂಪಾಯಿ. ಇಷ್ಟು ವೆಚ್ಚದ ಬಳಿಕ ನಮ್ಮ ಕಪಾಟಿನಲ್ಲಿ ಏನು ಉಳಿಯುತ್ತದೆ ಎಂದು ಕೇಳುವುದು ಗ್ರಂಥಪಾಲಕನ ಕರ್ತವ್ಯ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ 1999ರಲ್ಲಿ ಆರಂಭಿಸಿದ ಲಾಕ್ಸ್ ವ್ಯವಸ್ಥೆ ಇದಕ್ಕೊಂದು ಉತ್ತರ: ಹಲವು ಗ್ರಂಥಾಲಯಗಳು ತಾವು ಚಂದಾ ತೆತ್ತ ಸಂಚಿಕೆಗಳ ಪ್ರತಿಗಳನ್ನು ತಮ್ಮ ಗಣಕಯಂತ್ರಗಳಲ್ಲಿಯೇ ಇಟ್ಟುಕೊಂಡು, ಪರಸ್ಪರ ಹೋಲಿಸಿ, ಕೆಟ್ಟುದನ್ನು ಸರಿಪಡಿಸಿಕೊಳ್ಳುತ್ತವೆ. ಈ ತತ್ತ್ವ ಮುಂಡಗೋಡಕ್ಕೆ ಹೊಸತೇನಲ್ಲ. 1966ರಲ್ಲಿ ನೆಲೆಗೊಂಡ ಅಲ್ಲಿನ ಟಿಬೆಟನ್ ವಸತಿಯ ಡ್ರೆಪುಂಗ್, ಗಾಂದೆನ್ ವಿಹಾರಗಳು ಇಂದಿಗೂ ಬಳಸುವ ಶಾಸ್ತ್ರಗ್ರಂಥಗಳು ಉಳಿದುಬಂದದ್ದು ಅವುಗಳ ಪ್ರತಿಗಳು ಅನೇಕ ಕಡೆ ಹರಡಿದ್ದುದರಿಂದ. ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಶಾಸ್ತ್ರಗ್ರಂಥವನ್ನು ಪ್ರತಿಮಾಡಲು ಪ್ರಕಾಶಕರ ಅನುಮತಿ ಬೇಕಿರಲಿಲ್ಲ.

ಇನ್ನು ಕನ್ನಡದ ಸ್ಥಿತಿ. ಸೂಪಾ ಜಲಾಶಯದಲ್ಲಿ ಮುಳುಗಿದ ಊರುಗಳನ್ನೋ ಜೋಯಿಡಾದ ಕುಣಬಿಯರ ಬದುಕನ್ನೋ ಅಭ್ಯಸಿಸುವವನಿಗೆ ಬೇಕಾದ ಕನ್ನಡ ಬರಹ ಆ ಮೂವತ್ತು ಪ್ರಕಾಶಕರ ಬುಟ್ಟಿಯಲ್ಲಿಲ್ಲ. 1916ರ 'ಪರಿಷತ್ಪತ್ರಿಕೆ', 1919ರ 'ಪ್ರಬುದ್ಧ ಕರ್ನಾಟಕ'ಗಳಂತಹ ವಿದ್ವತ್ಪತ್ರಿಕೆಗಳೂ ಅಲ್ಲಿಲ್ಲ. ಪ್ರಬಂಧಗಳ ಮಟ್ಟಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಬೇರೆ ದಾರಿ ತೋರಿದೆ: ಅದು ಪ್ರಬಂಧದ ಪೂರ್ಣಪಠ್ಯವನ್ನು ತಾನೇ ಇಟ್ಟುಕೊಂಡು ಯಾರಿಗೂ ಮುಕ್ತವಾಗಿ ಒದಗಿಸುತ್ತದೆ. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್'ನ ಸಂಚಿಕೆಗಳೂ ಅಂತರ್ಜಾಲದಲ್ಲಿ ಮುಕ್ತವಾಗಿವೆ. ಪಶ್ಚಿಮಘಟ್ಟದ ಕುರಿತ ಅದರ ಲೇಖನವನ್ನು ದಾಂಡೇಲಿಯ ಓದುಗ ಗುಪ್ತಪದವಿಲ್ಲದೆ ಓದಬಲ್ಲ. ಕನ್ನಡದ ವಿದ್ವತ್ಪತ್ರಿಕೆಗಳನ್ನು ಇದೇ ಮಾದರಿಯಲ್ಲಿ ಧಾರವಾಡ, ಮೈಸೂರು, ಹಂಪಿಗಳ ಮೂರು ವಿಶ್ವವಿದ್ಯಾಲಯಗಳ ಸರ್ವರ್‌ಗಳಲ್ಲಿ ಒಂದೊಂದು ಪ್ರತಿಯಾಗಿ ಇಡಲು ಪರದೇಶದ ಯಾವ ಒಪ್ಪಂದವೂ ಬೇಕಿಲ್ಲ.