ಕಂಡದ್ದು ಮತ್ತು ಮುಟ್ಟಿದ್ದು: ಇನ್‌ಫಾರ್ಮ್ 7ರ ಮೊದಲ ವರ್ಣನೆಗಳು

ಸಂವಾದಾತ್ಮಕ ಕಥನದಲ್ಲಿ ವಸ್ತುವೊಂದು ‘ಹೊಸತು’ ಎನಿಸಿಕೊಳ್ಳುವುದು ಎಲ್ಲಿಯವರೆಗೆ? ಗ್ರಹಾಂ ನೆಲ್ಸನ್ 2006ರಲ್ಲಿ ಹೊರತಂದ ಇನ್‌ಫಾರ್ಮ್ 7 ನೀಡುವ ಉತ್ತರ ನಮಗೆ ಒಪ್ಪಿತವಲ್ಲ. ಅಲ್ಲಿ ‘ಇನಿಶಿಯಲ್ ಅಪಿಯರೆನ್ಸ್’ ಎಂಬ ಗುಣಕ್ಕೆ ಬರೆದ ವಾಕ್ಯವು, ಹೆಸರು ಏನೇ ಹೇಳಲಿ, ಮೊದಲ ನೋಟಕ್ಕೆ ಸೀಮಿತವಲ್ಲ. ಆಟಗಾರನು ವಸ್ತುವನ್ನು ಕೈಗೆತ್ತಿಕೊಳ್ಳುವವರೆಗೂ ಕೋಣೆಯ ವರ್ಣನೆಯಲ್ಲಿ ಮರುಕಳಿಸುತ್ತದೆ. ಕೋಣೆಯಾದರೋ ಒಮ್ಮೆ ಹೊಕ್ಕರೆ ‘ವಿಸಿಟೆಡ್’. ಪರಿಚಯವು ಕೋಣೆಗೆ ಕಾಲಿನಿಂದ, ವಸ್ತುವಿಗೆ ಕೈಯಿಂದ. ಕಣ್ಣಿಗೆ ಲೆಕ್ಕವೇ ಇಲ್ಲ. ಎತ್ತಲಾಗದ ಕಲ್ಲುಕಂಬ ಎಂದೆಂದಿಗೂ ಹೊಸತೇ!

‘ಮೂಲೆಯಲ್ಲಿ ದೀಪವೊಂದು ಮಿನುಗುತ್ತಿದೆ’ ಎಂಬುದನ್ನು ಐದನೆಯ ಸಲ ಓದುವವನಿಗೆ ಆ ‘ಒಂದು’ ಸುಳ್ಳಾಗಿ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಈ ದೋಷವನ್ನು ಪುಟ್ಟ ಉಪಪದವೊಂದು ಹೊರುತ್ತದೆ. ಕನ್ನಡದಲ್ಲಿ ‘ದೀಪವೊಂದು’, ‘ಆ ದೀಪ’, ಬರಿಯ ‘ದೀಪ’ ಇವುಗಳ ಆಯ್ಕೆಯೊಡನೆ ಪದಕ್ರಮವೂ ಬದಲಾಗಬೇಕು: ‘ಮೂಲೆಯಲ್ಲಿ ದೀಪವಿದೆ’ ಎನ್ನುವುದು ಅರಿಯದವನಿಗೆ, ‘ದೀಪ ಮೂಲೆಯಲ್ಲಿದೆ’ ಎನ್ನುವುದು ಅರಿತವನಿಗೆ. ‘ಒನ್ ಆಫ್’, ‘ಸ್ಟಾಪಿಂಗ್’ ಎಂಬ ಆದೇಶಗಳಿಂದ ಎರಡನೆಯ ಓದಿಗೆ ಬೇರೆ ವಾಕ್ಯವನ್ನು ಕೊಡಬಹುದು, ನಿಜ. ಆದರೆ ಆ ಎಣಿಕೆ ಆ ಪಠ್ಯದೊಳಗೇ ಉಳಿಯುತ್ತದೆ. ನೆರೆಯ ವಾಕ್ಯಕ್ಕೆ ತಿಳಿಯದು. ಆದ್ದರಿಂದ ‘ಕಂಡದ್ದು’ ಎಂಬ ಗುಣವನ್ನು ಲೇಖಕನೇ ಘೋಷಿಸಿ, ವಸ್ತುವಿನ ಹೆಸರು ತೆರೆಯ ಮೇಲೆ ಮೂಡಿದೊಡನೆ ಅದನ್ನು ಬದಲಿಸುವುದೇ ಮೇಲೆಂದು ನಾವು ಭಾವಿಸುತ್ತೇವೆ.