ಟೊಮೆಟೊ ಟೈಮರೂ ಕುಕ್ಕರ್ ಕೂಗೂ

25 ನಿಮಿಷ ಕೆಲಸ, 5 ನಿಮಿಷ ಬಿಡುವು. ಹೀಗೆ ನಾಲ್ಕು ಸಲ ಆದಮೇಲೆ ಸ್ವಲ್ಪ ದೊಡ್ಡ ಬಿಡುವು. ಪೊಮೊಡೊರೊ ಅಂದ್ರೆ ಇಷ್ಟೇ ಅಂತ ನಾನೂ ಬಹಳ ದಿನ ನಂಬಿದ್ದೆ. ಒಂದರ ಹಿಂದೊಂದು ಆ್ಯಪ್ ಹಾಕಿಕೊಂಡೆ, ಒಂದರಲ್ಲಿ ಗಿಡ ಬೆಳೆಸಿದೆ, ಇನ್ನೊಂದರಲ್ಲಿ ನಾಣ್ಯ ಕೂಡಿಟ್ಟೆ, ಕೊನೆಗೆ ಎಲ್ಲವನ್ನೂ ತೆಗೆದುಹಾಕಿದೆ. ಟೈಮರ್ ಒತ್ತೋಕೆ ಅಂತ ಫೋನ್ ಎತ್ತಿಕೊಂಡು ವಾಟ್ಸ್ಆ್ಯಪ್‌ನಲ್ಲಿ ಹದಿನೈದು ನಿಮಿಷ ಕಳೆದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಈಚೆಗೆ ಮೂಲ ಪುಸ್ತಕವನ್ನೇ ಓದಿಬಿಡೋಣ ಅಂತ ಕೂತೆ. ಓದಿ ಮುಗಿಸಿದಾಗ ಅನ್ನಿಸಿದ್ದು: ಈ ಆ್ಯಪ್‌ಗಳು ಪುಸ್ತಕದೊಳಗಿನ ಗಂಟೆಯನ್ನು ಮಾತ್ರ ಎತ್ತಿಕೊಂಡು, ಅದರ ಜೊತೆಗಿದ್ದ ಕಾಗದವನ್ನು ಎಸೆದುಬಿಟ್ಟಿವೆ.

ಪುಸ್ತಕದ ಹೆಸರು 'ದಿ ಪೊಮೊಡೊರೊ ಟೆಕ್ನಿಕ್', ಬರೆದವನು ಫ್ರಾನ್ಸೆಸ್ಕೊ ಚಿರಿಲ್ಲೊ. 1980ರ ದಶಕದ ಕೊನೆಯಲ್ಲಿ ಇಟಲಿಯಲ್ಲಿ ಕಾಲೇಜು ಓದುತ್ತಿದ್ದ ಹುಡುಗ. ಓದು ತಲೆಗೆ ಹತ್ತುತ್ತಿಲ್ಲ. ಹತ್ತೇ ನಿಮಿಷ, ನಿಜವಾಗಿ ಓದೋಕೆ ಆಗುತ್ತಾ ನಿನಗೆ ಅಂತ ತನ್ನ ಜೊತೆಗೇ ಪಂದ್ಯ ಕಟ್ಟಿ, ಅಡುಗೆಮನೆಯ ಟೈಮರ್ ಒಂದನ್ನು ತಂದಿಟ್ಟುಕೊಂಡ. ಅದು ಟೊಮೆಟೊ ಆಕಾರದ್ದು. ಇಟಾಲಿಯನ್ನರು ಟೊಮೆಟೊಗೆ ಪೊಮೊಡೊರೊ ಅಂತಾರೆ, ಹೆಸರು ಅಂಟಿಕೊಂಡಿತು. ಹತ್ತು ನಿಮಿಷ ಆಮೇಲೆ 25ಕ್ಕೆ ಬಂದು ನಿಂತಿತು. 2006ರಲ್ಲಿ ಇಂಟರ್ನೆಟ್‌ನಲ್ಲಿ ಪುಕ್ಕಟೆ ಹಂಚಿದ ಬರಹ ಇದು, 2018ರಲ್ಲಿ ದೊಡ್ಡ ಪ್ರಕಾಶಕರಿಂದ ಅಚ್ಚಾಗಿ ಬಂತು. (ನಮ್ಮ ಗಳಿಗೆ ಅಂದ್ರೆ 24 ನಿಮಿಷ, ದಿನಕ್ಕೆ ಅರವತ್ತು. ತಳದಲ್ಲಿ ತೂತಿರುವ ಗಳಿಗೆ ಬಟ್ಟಲು ನೀರಲ್ಲಿ ಮುಳುಗಿದರೆ ಒಂದು ಗಳಿಗೆ ಆಯ್ತು ಅಂತ ಲೆಕ್ಕ. ಹಾಗಾಗಿ 'ಇದೆಲ್ಲ ನಮ್ಮ ಪೂರ್ವಿಕರಿಗೆ ಮೊದಲೇ ಗೊತ್ತಿತ್ತು' ಅನ್ನೋ ಫಾರ್ವರ್ಡ್ ನಿಮಗೂ ಬರಬಹುದು. ಆ ಬಟ್ಟಲು ಊರಿಗೆಲ್ಲ ಹೊತ್ತು ತಿಳಿಸೋಕೆ ಇತ್ತೇ ಹೊರತು ಒಬ್ಬರು ಬಾಗಿಲು ಹಾಕಿಕೊಳ್ಳೋಕೆ ಅಲ್ಲ. ಇರಲಿ.)

ಕಾಗದದ ವಿಷಯಕ್ಕೆ ಬರ್ತೀನಿ. ಬೆಳಿಗ್ಗೆ ಒಂದು ಹಾಳೆಯಲ್ಲಿ ಇವತ್ತಿನ ಕೆಲಸಗಳನ್ನು ಬರೆದುಕೊಳ್ಳಬೇಕು. ಟೈಮರ್ ತಿರುಗಿಸಿ ಕೂತಾಗ ಮನಸ್ಸು ತಾನಾಗೇ ಅತ್ತಿತ್ತ ಹರಿದರೆ ಆ ಕೆಲಸದ ಮುಂದೆ ಒಂದು ಸಣ್ಣ ಕೊಕ್ಕೆ ಹಾಕಬೇಕು. ಫ್ರಿಜ್‌ನಲ್ಲಿ ಏನಿದೆ ನೋಡೋಣ ಅನ್ನಿಸಿತಾ, ಕೊಕ್ಕೆ. ಬೇರೆ ಯಾರಾದರೂ ಬಂದು ಅಡ್ಡಿ ಮಾಡಿದರೆ ಒಂದು ಅಡ್ಡಗೆರೆ. ಗಂಟೆ ಬಾರಿಸುವ ತನಕ ಕೂತರೆ ಒಂದು ಗುಣಾಕಾರದ ಗುರುತು. ನಡುವೆ ಎದ್ದು ಹೋದರೆ ಆ ಟೊಮೆಟೊ ರದ್ದು, ಅರ್ಧ ಟೊಮೆಟೊ ಅನ್ನೋದು ಈ ಲೆಕ್ಕದಲ್ಲಿ ಇಲ್ಲ. ಇಡೀ ಪದ್ಧತಿಯಲ್ಲಿ ನನಗೆ ಬುದ್ಧಿವಂತಿಕೆ ಕಂಡಿದ್ದು ಈ ಕೊಕ್ಕೆ ಮತ್ತು ಅಡ್ಡಗೆರೆಗಳಲ್ಲಿ. ಗಮನ ಎಲ್ಲಿ ಸೋರುತ್ತಿದೆ ಅಂತ ಅವು ತೋರಿಸುತ್ತವೆ. ಗಿಡ ಬೆಳೆಸೋ ಆ್ಯಪ್‌ನಲ್ಲಿ ಗಿಡ ಒಣಗುತ್ತೆ ಅಷ್ಟೇ, ಯಾರು ಬಂದು ಒಣಗಿಸಿದರು ಅಂತ ಅದಕ್ಕೆ ಗೊತ್ತಾಗಲ್ಲ.

ಆದರೆ ಅದೇ ರದ್ದಿನ ನಿಯಮ ಮನೆಯಲ್ಲಿ ಎಡವಿ ಬೀಳುತ್ತೆ. ಟೈಮರ್ ಹುಟ್ಟಿದ್ದು ಅಡುಗೆಮನೆಯಲ್ಲಿ. ಅದನ್ನು ಓದೋ ಮೇಜಿಗೆ ಒಯ್ದ ಹುಡುಗ ಅಡುಗೆಮನೆಯನ್ನು ಪೂರ್ತಿ ಮರೆತ ಅನ್ನಿಸುತ್ತೆ. ಅಲ್ಲಿ ಹೊತ್ತು ವಸ್ತುಗಳದ್ದು, ನಮ್ಮದಲ್ಲ. ಹಾಲು ಉಕ್ಕೋದಕ್ಕೆ ನಮ್ಮ ಬಿಡುವು ಕೇಳಲ್ಲ. ಕುಕ್ಕರ್ ಇಟ್ಟು ಹೋಗೋರು 'ಹದಿನೈದು ನಿಮಿಷ ಬಿಟ್ಟು ಆರಿಸು' ಅನ್ನಲ್ಲ, 'ಮೂರು ಕೂಗಾದ್ಮೇಲೆ ಆರಿಸು' ಅಂತಾರೆ. ಅಂದರೆ ಹೇಳಿಸಿಕೊಂಡವರ ಕಿವಿಯ ಒಂದು ಪಾಲು ಅಷ್ಟು ಹೊತ್ತೂ ಅಡುಗೆಮನೆಯಲ್ಲೇ ಇರಬೇಕು. ಕೈ ಕೀಬೋರ್ಡ್ ಮೇಲಿದ್ದರೂ ಅದು ಕೆಲಸವೇ. ಪುಸ್ತಕದ ಪ್ರಕಾರ, ಕೆಲಸ ಬೇಗ ಮುಗಿದರೂ ಗಂಟೆ ಬಾರಿಸುವ ತನಕ ಮಾಡಿದ್ದನ್ನೇ ಇನ್ನೊಮ್ಮೆ ನೋಡಬೇಕು. ಪರೀಕ್ಷೆಗೆ ಓದೋರಿಗೆ ಒಳ್ಳೆಯ ಮಾತು. ಚಪಾತಿ ಹಿಟ್ಟು ಕಲಸಿದ ಮೇಲೆ ಏನು ಮಾಡೋಣ?

ಆದರೂ ಒಂದು ವಾರ ನಿಷ್ಠೆಯಿಂದ ಹಾಳೆ ಬರೆದೆ. ನನ್ನ ಗಂಡನೂ ಮನೆಯಿಂದಲೇ ಕೆಲಸ ಮಾಡೋದು, ಅವನ ಕೈಯಲ್ಲೂ ಬರೆಸಿದೆ. ಅವನು ಕೂರೋದು ಬೆಡ್‌ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ನನ್ನದು ಊಟದ ಮೇಜು. ಶುಕ್ರವಾರ ಸಂಜೆ ಎಣಿಸಿದಾಗ ನನ್ನ ಹಾಳೆಯಲ್ಲಿ 43 ಅಡ್ಡಗೆರೆ, ಅವನದರಲ್ಲಿ 6. ಆ ಆರರಲ್ಲಿ ನಾಲ್ಕು ನಾನೇ ಕೊಟ್ಟ ಕಾಫಿ. ಕೊಕ್ಕೆಗಳಲ್ಲಿ ಮಾತ್ರ ಅವನು ನನಗಿಂತ ಬಹಳ ಮುಂದೆ! ಯಾರೂ ಕರೆಯದೇ ಇದ್ದರೂ ಕ್ರಿಕೆಟ್ ಸ್ಕೋರು ಕರೆಯುತ್ತೆ.

'ನೀನು ಬಾಗಿಲ ಹತ್ತಿರ ಕೂರ್ತೀಯಲ್ಲ, ಅದಕ್ಕೇ' ಅಂದ. ಸರಿ ಅಂತ ಮುಂದಿನ ವಾರ ಜಾಗ ಅದಲು ಬದಲು ಮಾಡಿಕೊಂಡೆವು. ಬೆಲ್ ಆದರೆ ಬಾಗಿಲು ತೆಗೆಯೋನು ಈಗ ಅವನು. ತೆಗೆದು, ಬೆಡ್‌ರೂಮಿನ ಕಡೆ ತಿರುಗಿ, 'ಏ, ನೀರಿನ ಕ್ಯಾನಿನವರಿಗೆ ಎಷ್ಟು ಕೊಡ್ಬೇಕೇ?' ಕೆಲಸದವರು ಬಂದರೆ 'ಇವತ್ತು ಯಾವ ರೂಮ್ ಒರೆಸ್ಬೇಕಂತೆ?' ಅತ್ತೆ ಅವನ ಎದುರೇ ಹಾದು ಬಂದು ನನ್ನ ಬಾಗಿಲು ತಟ್ಟಿ 'ಹುಳಿಗೆ ಬೇಳೆ ಎಷ್ಟು ಹಾಕ್ಲಮ್ಮ?' ಅಂತ ಕೇಳಿದರು. 36 ಅಡ್ಡಗೆರೆ. ಬಾಗಿಲು ತೆಗೆಯೋದು ಅಡ್ಡಿಯ ಸಣ್ಣ ಪಾಲು. ಯಾವ ವಸ್ತು ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು, ಯಾವುದು ಮುಗಿಯುತ್ತಾ ಬಂದಿದೆ ಅನ್ನೋ ಪಟ್ಟಿ ಯಾರ ತಲೆಯಲ್ಲಿದೆಯೋ ಅವರು ಯಾವ ಕೋಣೆಯಲ್ಲಿ ಕೂತರೂ ಅಡ್ಡಿ ಹುಡುಕಿಕೊಂಡು ಬರುತ್ತೆ.

ಚಿರಿಲ್ಲೊ ಹತ್ತಿರ ಅಡ್ಡಿಗೂ ಒಂದು ಉಪಾಯವಿದೆ. ಈಗ ಆಗಲ್ಲ ಅಂತ ತಿಳಿಸಿ, ಯಾವಾಗ ಅಂತ ಚೌಕಾಸಿ ಮಾಡಿ, ಬರೆದಿಟ್ಟುಕೊಂಡು, ಹೇಳಿದ ಹೊತ್ತಿಗೆ ನೀವೇ ತಿರುಗಿ ಕರೆಯಿರಿ. ಆಫೀಸಿನಲ್ಲಿ ಇದು ನಡೆಯುತ್ತೆ, ನಾನೇ ಮಾಡಿದ್ದೀನಿ. ಪಕ್ಕದ ಸೀಟಿನವರಿಗೂ ಅವರದೇ ಟೊಮೆಟೊ ಇರುತ್ತೆ, ಮಾತು ಅರ್ಥವಾಗುತ್ತೆ. ಮನೆಯಲ್ಲಿ, ಒಗ್ಗರಣೆ ಸೌಟು ಹಿಡಿದು ನಿಂತ ಅತ್ತೆಗೆ 'ಹನ್ನೊಂದೂ ಹತ್ತಕ್ಕೆ ನಾನೇ ಬರ್ತೀನಿ' ಅನ್ನೋಕೆ ಬೇಕಾದ ಧೈರ್ಯ ಆ ಅಧ್ಯಾಯದಲ್ಲಿ ಸಿಗಲ್ಲ. ಅದಕ್ಕಿಂತ ಮುಖ್ಯವಾಗಿ, ಗಂಡ ಬಾಗಿಲು ಹಾಕಿಕೊಂಡು 25 ನಿಮಿಷ ಅಡ್ಡಿಯಿಲ್ಲದೆ ಉಳಿಸಿಕೊಂಡರೆ ಆ ಅಡ್ಡಿ ಗಾಳಿಯಲ್ಲಿ ಕರಗಿಹೋಗಲ್ಲ, ಊಟದ ಮೇಜಿಗೆ ಬಂದು ನನ್ನ ಹಾಳೆಯಲ್ಲಿ ಗೆರೆಯಾಗಿ ಬೀಳುತ್ತೆ. ಲೇಖಕ ಅಡ್ಡಿಯನ್ನು ಮುಂದಕ್ಕೆ ಹಾಕೋದು ಹೇಗೆ ಅಂತ ಚೆನ್ನಾಗಿ ಕಲಿಸ್ತಾನೆ. ಅದು ಪಕ್ಕದವರ ಮೇಲೆ ಬೀಳೋದನ್ನು ಅವನ ಹಾಳೆ ಎಣಿಸಲ್ಲ, ಯಾಕೆಂದರೆ ಅದು ಒಬ್ಬರ ಹಾಳೆ. 2018ರ ಆವೃತ್ತಿಯಲ್ಲಿ ತಂಡಗಳ ಬಗ್ಗೆ ಒಂದು ಭಾಗ ಸೇರಿದೆ ನಿಜ, ಆದರೆ ಆ ತಂಡ ಆಫೀಸಿನದು.

ಮನೆಗೆಲಸಕ್ಕೆ ಅಂತಲೇ ಟೈಮರ್ ಹಿಡಿದವರೂ ಇದ್ದಾರೆ. ಫ್ಲೈಲೇಡಿ ಅಂತ ಹೆಸರಾದ ಅಮೆರಿಕದ ಮಾರ್ಲಾ ಸಿಲ್ಲಿ ಹೇಳೋದು 15 ನಿಮಿಷ. ಇಟ್ಟುಕೊಳ್ಳಿ, ಒಂದು ಮೂಲೆ ಚೊಕ್ಕಟ ಮಾಡಿ, ಗಂಟೆ ಬಾರಿಸಿದ ಕೂಡಲೇ ನಿಲ್ಲಿಸಿ. ಇದು ನನಗೆ ಹಿಡಿಸಿತು. ಆಫೀಸ್ ಕೆಲಸ ಶುರು ಮಾಡೋದೇ ಕಷ್ಟ, ಮನೆಗೆಲಸ ನಿಲ್ಲಿಸೋದು ಕಷ್ಟ. ಒಂದು ಡ್ರಾಯರ್ ತೆಗೆದು ಕೂತವರು ಸಂಜೆ ತನಕ ಏಳದೇ ಇರೋದು ನೋಡಿದ್ದೀನಿ, ಅದು ನಾನೇ.

ಪುಸ್ತಕ ಕೊಳ್ಳಿ ಅಂತ ಹೇಳಲ್ಲ, ಹಾಳೆ ಮಾತ್ರ ಬರೆಯಿರಿ, ಮನೆಯವರೆಲ್ಲ ಒಂದೇ ಹಾಳೆಯಲ್ಲಿ. ನಮ್ಮದು ಈಗ ಫ್ರಿಜ್ ಬಾಗಿಲಿನ ಮೇಲಿದೆ. ರದ್ದಿನ ನಿಯಮ ಬಿಟ್ಟುಬಿಟ್ಟೆವು, ನಡುವೆ ಎದ್ದರೂ ಟೊಮೆಟೊ ಇದ್ದಲ್ಲಿಂದಲೇ ಮುಂದುವರಿಯುತ್ತೆ. ಒಬ್ಬರ ಟೈಮರ್ ತಿರುಗುತ್ತಿದ್ದರೆ ಬೆಲ್, ಕ್ಯಾನ್, ಕುಕ್ಕರ್ ಎಲ್ಲ ಇನ್ನೊಬ್ಬರದು, ಕೇಳೋ ಹಾಗಿಲ್ಲ. ಯಾರಿಗೆ ಎಷ್ಟು ಕೊಡಬೇಕು ಅನ್ನೋ ಪಟ್ಟಿಯೂ ನನ್ನ ತಲೆಯಿಂದ ಅದೇ ಫ್ರಿಜ್ ಬಾಗಿಲಿಗೆ ಹೋಗಿದೆ. ಮೊದಲ ದಿನವೇ ಕುಕ್ಕರ್ ಮೂರನೇ ಸಲ ಕೂಗಿತು. ನನ್ನ ಟೊಮೆಟೊದಲ್ಲಿ ಇನ್ನೂ ಎಂಟು ನಿಮಿಷ ಇತ್ತು. ನಾಲ್ಕನೇದೂ ಕೂಗಿತು, ಐದನೇದೂ. ಆಮೇಲೆ ಯಾರೋ ಕುರ್ಚಿ ಹಿಂದಕ್ಕೆ ಸರಿಸಿದ ಸದ್ದು. ಬೇಳೆ ನುಣ್ಣಗಾಗಿತ್ತು, ಸಾರಿಗೇನೂ ಮೋಸವಾಗಲಿಲ್ಲ.